ಗಡಿಯಾರದ ಗುರುತಿನ ಕುಂಬಳಕಾಯಿ

ಬಳ್ಳಿಯಲ್ಲಿ ಕುಂಬಳಕಾಯಿ ಇರಲಿಲ್ಲ. ತೊಟ್ಟಿನ ತುಂಡು ಮಾತ್ರ ಇತ್ತು, ಅದೂ ಕತ್ತರಿ ಹಾಕಿದಷ್ಟು ನೀಟಾಗಿ.

ಗಡಿಯಾರ ರಿಪೇರಿಯ ಸ್ಪ್ರಿಂಗಣ್ಣ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಚೂರಿ ಹಿಡಿದು ನಿಂತವನು ನಿಂತೇ ಬಿಟ್ಟ.

ಹೋದರೆ ಹೋಗಲಿ ಅನ್ನುವ ಕಾಯಿಯಲ್ಲ ಅದು. ಹೋದ ವಾರ ತಾರಸಿಯ ಮೇಲಿನ ಅವನ ಗಿಡದ ತೊಟ್ಟಿಗಳಿಂದ ಕೆಸರು ನೀರು ಸೋರಿ, ಕೆಳಮನೆಯ ಟೈಲರಣ್ಣ ಹೊಲಿದು ನೇತುಹಾಕಿದ್ದ ಬಿಳಿ ಅಂಗಿಯ ಮೇಲೆ ಬಿದ್ದಿತ್ತು. ಟೈಲರಣ್ಣ ಹೋಗಿ ಕಟ್ಟಡದ ಮಾಲಕಿ ಅಜ್ಜಿಗೆ ದೂರು ಹೇಳಿದ. ಅಜ್ಜಿ ಬಂದು ತೊಟ್ಟಿಗಳನ್ನು ಕೋಲಿನಿಂದ ತಟ್ಟಿ ನೋಡಿದರು.

"ಭಾನುವಾರ ಊಟಕ್ಕೆ ಬರ್ತೀನಿ. ಈ ಮಣ್ಣಲ್ಲಿ ಬೆಳೆದದ್ದನ್ನೇ ಬಡಿಸು. ಬಾಯಿಗೆ ಹಿಡಿಸಿದ್ರೆ ತೊಟ್ಟಿ ಇರಲಿ. ಇಲ್ಲಾಂದ್ರೆ ಸಂಜೆಯೊಳಗೆ ತಾರಸಿ ಖಾಲಿ ಆಗ್ಬೇಕು."

ಸ್ಪ್ರಿಂಗಣ್ಣ ಹೆಂಡತಿಗೆ ಇದರಲ್ಲಿ ಅರ್ಧ ಮಾತ್ರ ಹೇಳಿದ. "ಭಾನುವಾರ ಅಜ್ಜಿ ಊಟಕ್ಕೆ ಬರ್ತಾರೆ, ಏನಾದ್ರೂ ಒಳ್ಳೇದು ಮಾಡು" ಅಂದ. ಅವಳು ಗಾಬರಿಯಾದಾಳು ಅಂತ ಷರತ್ತನ್ನು ನುಂಗಿಕೊಂಡ.

ಆ ವರ್ಷ ಬಳ್ಳಿ ಬಿಟ್ಟದ್ದೇ ಬಿಟ್ಟದ್ದು. ಚಳಿ ಶುರುವಾದಾಗಿನಿಂದ ಮನೆಯಲ್ಲಿ ಬೆಳಿಗ್ಗೆ ಕುಂಬಳ, ಮಧ್ಯಾಹ್ನ ಕುಂಬಳ, ರಾತ್ರಿಗೆ ಮಧ್ಯಾಹ್ನದ್ದು. ಮಿಡಿ ಕಾಣಿಸಿದ ಕೂಡಲೇ ಸ್ಪ್ರಿಂಗಣ್ಣ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಸೂಜಿಯಿಂದ ಅದರ ಮೈಮೇಲೆ ಪುಟ್ಟ ಗಡಿಯಾರ ಗೀರುತ್ತಿದ್ದ. ಒಂದು ಸುತ್ತು, ಎರಡು ಮುಳ್ಳು. ಕಾಯಿ ಬಲಿತ ಹಾಗೆ ಗೀರೂ ಬಲಿತು ತಟ್ಟೆಯಗಲ ಆಗುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ಕಾಯಿ. ಈಗ ಅದೂ ಇಲ್ಲ.

ಈ ಕಟ್ಟಡದಲ್ಲಿ ಕತ್ತರಿ ಹಿಡಿದು ಬಾಳುವವರು ಯಾರು ಅಂತ ತನ್ನನ್ನೇ ಕೇಳಿಕೊಂಡ. ಕೆಳಗಿನಿಂದ ಹೊಲಿಗೆ ಯಂತ್ರ ಕಟಕಟ ಅಂದಿತು.

ಜಗಳಕ್ಕೆ ಹೊತ್ತಿರಲಿಲ್ಲ. ಅಂಗಡಿಗೆ ಹೋಗಿ ಹಳೇ ಗೋಡೆ ಗಡಿಯಾರದ ಖಾಲಿ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಬೀದಿ ಮೂಲೆಯ ತರಕಾರಿಯವಳ ಹತ್ತಿರ ಓಡಿದ. ಗಡಿಬಿಡಿಯಲ್ಲಿ ಕನ್ನಡಕ ಅಂಗಡಿಯಲ್ಲೇ ಉಳಿಯಿತು. ಅದಿಲ್ಲದಿದ್ದರೆ ಅವನಿಗೆ ಎದುರಿಗಿರುವುದು ಕುಂಬಳಕಾಯೋ ಕೊಡವೋ ಅನ್ನುವುದು ಮುಟ್ಟಿದ ಮೇಲೇ ಗೊತ್ತಾಗಬೇಕು.

"ದೊಡ್ಡ ಕುಂಬಳಕಾಯಿ ಒಂದು ಕೊಡಕ್ಕ, ಬೇಗ."

"ನಿಮಗಾ?" ತರಕಾರಿಯವಳು ಒಂಥರಾ ನೋಡಿದಳು. "ಅಲ್ಲಣ್ಣ, ನಿಮ್ಮ ಮನೇಲೇ..."

"ಮಾತು ಆಮೇಲೆ. ಪೆಟ್ಟಿಗೆಗೆ ಹಾಕು."

ಅವಳ ಹತ್ತಿರ ಇದ್ದದ್ದು ಒಂದೇ. ಹಾಕಿ ಮುಚ್ಚಳ ಒತ್ತಿದಳು. ಅದು ಅರ್ಧ ಮುಚ್ಚಿತು.

ಮೆಟ್ಟಿಲ ಮೇಲೆ ಟೈಲರಣ್ಣ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದ.

"ಏನ್ ಸ್ಪ್ರಿಂಗಣ್ಣ, ಭಾನುವಾರಾನೂ ಕೆಲಸನಾ? ಭಾರೀ ಗಡಿಯಾರ."

"ಹಳೇ ಕಾಲದ್ದು."

"ತಡೀರಿ, ಒಂದು ಕೈ ಹಿಡೀತೀನಿ." ಬೇಡವೆನ್ನುವ ಮೊದಲೇ ಹಿಡಿದ. ಒಳಗೆ ಗುಡುಗುಡು ಉರುಳಿತು. "ಏನೋ ಕಳಚಿಕೊಂಡಿದೆ."

"ಲೋಲಕ."

ಟೈಲರಣ್ಣ ಬಗ್ಗಿ ನೋಡಿದ. ಸಂದಿಯಿಂದ ಹಸಿರು ತೊಟ್ಟು ಇಣುಕುತ್ತಿತ್ತು. "ಮೊಳಕೆ ಬಂದಿದೆಯಲ್ರೀ ಇದಕ್ಕೆ."

"ಹಳೇ ಕಾಲದ್ದು ಅಂದೆನಲ್ಲ" ಅನ್ನುತ್ತ ಸ್ಪ್ರಿಂಗಣ್ಣ ಎರಡೆರಡು ಮೆಟ್ಟಿಲು ಹತ್ತಿದ.

ಅಡುಗೆಮನೆಯಲ್ಲಿ ಕಾಯಿ ನೋಡಿ ಹೆಂಡತಿಯ ಮುಖ ಸಣ್ಣಗಾಯಿತು. "ಇನ್ನೂ ಒಂದಿತ್ತಾ?"

"ಎಲೆ ಮರೇಲಿತ್ತು. ಇದನ್ನೇ ಮಾಡು."

ಅವಳು ಕಾಲಿನಿಂದ ಒಂದು ಚೀಲವನ್ನು ಮೆಲ್ಲಗೆ ಒಲೆಕಟ್ಟೆಯಡಿ ತಳ್ಳಿ, ನಿಟ್ಟುಸಿರು ಬಿಟ್ಟು ಸಿಪ್ಪೆ ಹೆರೆಯಲು ಕೂತಳು. ಬೇಯಿಸಿ, ಮಸೆದು, ಹಾಲೂ ಮೆಣಸೂ ಹಾಕಿ ಸೂಪು ಮಾಡಿದಳು. ಉಳಿದ ಹೋಳುಗಳನ್ನು ಬೆಳ್ಳುಳ್ಳಿ ಜೊತೆ ಹುರಿದಳು. ಸ್ಪ್ರಿಂಗಣ್ಣ ಕುಂಡಗಳಿಂದ ಕೊತ್ತಂಬರಿ, ಪುದೀನ ಕಿತ್ತು ತಂದ. ವಾಸನೆ ಹಿಡಿದು ಟೈಲರಣ್ಣನೂ ಬಂದ.

"ಪುದೀನ ಜಾಸ್ತಿ ಆಯ್ತು ತಂಗಿ. ಉಪ್ಪು ಕಡಿಮೆ. ಅಜ್ಜಿ ನನ್ನನ್ನೂ ಕರೆದಿದ್ದಾರೆ, ದೂರು ಕೊಟ್ಟವನೂ ರುಚಿ ನೋಡ್ಬೇಕಂತೆ" ಅಂತ ತಾನೇ ಎರಡು ಚಿಟಿಕೆ ಉಪ್ಪು ಹಾಕಿ ಕದಡಿದ.

ಅಜ್ಜಿ ಒಂದು ಬಟ್ಟಲು ಕುಡಿದರು. ಬಟ್ಟಲು ಮತ್ತೆ ಮುಂದೆ ಚಾಚಿದರು. ಇನ್ನೊಂದು ಕುಡಿದರು. ಬಟ್ಟಲಿನ ತಳ ಬೆರಳಿನಿಂದ ಬಳಿದು, "ಮಣ್ಣು ಒಳ್ಳೇದಿದೆ. ತೊಟ್ಟಿ ಇರಲಿ" ಅಂದರು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸ್ಪ್ರಿಂಗಣ್ಣ ಬದಲಾಯಿಸಿದ ಹಳೇ ತಿರುಪನ್ನೂ ಕಾಗದದಲ್ಲಿ ಸುತ್ತಿ ಗಿರಾಕಿಗೆ ವಾಪಸು ಕೊಡುವವನು. ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಅಜ್ಜಿ, ಈ ಕಾಯಿ ನಮ್ಮದಲ್ಲ. ಕೊಂಡು ತಂದದ್ದು. ನಮ್ಮದನ್ನ ಬೆಳಿಗ್ಗೆ ಯಾರೋ ಕತ್ತರಿ ಹಾಕಿ ಒಯ್ದರು." ಹೇಳುತ್ತ ಅವನ ಕಣ್ಣು ಟೈಲರಣ್ಣನ ಟೇಪಿನ ಮೇಲೆ ಹೋಗಿ ಕೂತಿತು.

ಟೈಲರಣ್ಣ ಚಮಚ ಕೆಳಗಿಟ್ಟ. "ಅಂದ್ರೆ ನಾನು ಕಳ್ಳ."

"ರೀ, ಕೊಯ್ದದ್ದು ನಾನು" ಅಂದಳು ಹೆಂಡತಿ. "ಒಳ್ಳೇದು ಮಾಡು ಅಂದ್ರಲ್ಲ. ದಿನಾ ತಿನ್ನೋ ಕುಂಬಳ ಹೇಗ್ರೀ ಒಳ್ಳೇದಾಗತ್ತೆ? ಮೂಲೆ ತರಕಾರಿಯವಳಿಗೆ ಕೊಟ್ಟು ಹುರುಳಿಕಾಯಿ ತಂದೆ. ವಾರವಾರಾನೂ ಹಾಗೇ ಮಾಡ್ತಿದ್ದೆ."

"ಮೂಲೆಯವಳಿಗಾ?" ಸ್ಪ್ರಿಂಗಣ್ಣನ ಧ್ವನಿ ಸಣ್ಣಗಾಯಿತು.

ಅಜ್ಜಿ ಎದ್ದು ಹೋಗಿ ಸಿಪ್ಪೆಯ ಬಕೆಟ್ಟನ್ನು ಕೋಲಿನಿಂದ ಕೆದಕಿದರು. ಮೇಲೆ ಬಂದ ಸಿಪ್ಪೆಗಳಲ್ಲಿ ಸುತ್ತಿನ ಒಂದು ಮಗ್ಗುಲು ಕಂಡಿತು, ಆಮೇಲೆ ಎರಡು ಮುಳ್ಳು. "ಸಿಪ್ಪೆ ಗಂಟೆ ತೋರಿಸ್ತಾ ಇದೆಯಲ್ಲೋ."

"ಗುರುತು ನಾನೂ ಕಂಡೆ. ನಮ್ಮನೆ ಕಾಯಿಗೆಲ್ಲ ಇರತ್ತಲ್ಲ ಅಂತ ಸುಮ್ಮನಿದ್ದೆ" ಅಂದಳು ಹೆಂಡತಿ.

ಅಜ್ಜಿ ಕೆಮ್ಮು ಬರುವ ತನಕ ನಕ್ಕರು. ಟೈಲರಣ್ಣ ಮಾತ್ರ ನಗಲಿಲ್ಲ. ಅವನ ಮುಖ ನೋಡಿ ಅಜ್ಜಿ ತೀರ್ಪು ಕೊಟ್ಟರು. "ತೊಟ್ಟಿ ಇರಲಿ ಅಂದದ್ದು ಅಂದೆ. ಆದ್ರೆ ಸುಮ್ಮಸುಮ್ಮನೆ ಒಬ್ಬನ ಮೇಲೆ ಅನುಮಾನ ಪಟ್ಟೆಯಲ್ಲ, ಇನ್ಮೇಲೆ ಆ ಬಳ್ಳಿ ಇಬ್ಬರದ್ದೂ. ಮಿಡಿ ಮೇಲೆ ಯಾರ ಗುರುತು ಮೊದಲು ಬೀಳತ್ತೋ ಕಾಯಿ ಅವರದ್ದು."

ಟೈಲರಣ್ಣ ಕೈ ತೊಳೆದುಕೊಂಡು ಬೇಗ ಎದ್ದು ಹೋದ. ಸ್ಪ್ರಿಂಗಣ್ಣ ಅಜ್ಜಿಯನ್ನು ಬೀದಿಯವರೆಗೆ ಬಿಟ್ಟು, ಅಂಗಡಿಯಿಂದ ಭೂತಗನ್ನಡಿ, ಸೂಜಿ ತಂದು ತಾರಸಿಗೆ ಹತ್ತಿದ. ಎಲೆ ಎಲೆ ಸರಿಸಿ ಹುಡುಕಿದ. ಗೋಡೆ ಬದಿಯಲ್ಲಿ ಕೈಗಡಿಯಾರದಷ್ಟು ಸಣ್ಣ ಮಿಡಿಯೊಂದು ಮಲಗಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಗ್ಗಿದ.

ಗೀರು ಇನ್ನೂ ಹಸಿಯಾಗಿತ್ತು. ಎರಡು ಉಂಗುರ, ಎರಡು ಅಲಗು. ಬಾಯಿ ತೆರೆದ ಕತ್ತರಿ.

ಕೆಳಗಿನಿಂದ ಹೆಂಡತಿ ಕೂಗಿದಳು. "ರೀ, ಹುರುಳಿಕಾಯಿನ ಅಜ್ಜಿ ತಗೊಂಡು ಹೋದ್ರು. ರಾತ್ರಿಗೆ ಮಧ್ಯಾಹ್ನದ್ದನ್ನೇ ಬಿಸಿ ಮಾಡ್ತೀನಿ."