ಸ್ವಲ್ಪ ಸಹಜವಾಗಿ ಮಾತಾಡಿ, ಸಾರ್!

ನನ್ನ ಕಂಠದ ಹಿರಿಮೆಯನ್ನು ನಾನೇ ಹೇಳಿಕೊಳ್ಳಬಾರದು, ನಿಜ. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣದಿರುವಾಗ ಏನು ಮಾಡುವುದು? ಬಸ್ ನಿಲ್ದಾಣದಲ್ಲಿ "ಪ್ರಯಾಣಿಕರ ಗಮನಕ್ಕೆ!" ಎಂದು ಗುಡುಗುವ ಧ್ವನಿ ನನ್ನದು. ದೊಡ್ಡ ಕಟ್ಟಡಗಳ ಲಿಫ್ಟಿನಲ್ಲಿ "ಬಾಗಿಲುಗಳು ಮುಚ್ಚುತ್ತಿವೆ" ಎನ್ನುವವನೂ ನಾನೇ. ನಾನು ಹಾಗೆಂದಾಗ ಒಳಗೆ ನಿಂತವರು ತಾವು ಮಾಡಿದ ಪಾಪಗಳನ್ನೆಲ್ಲ ಒಮ್ಮೆ ನೆನಪಿಸಿಕೊಳ್ಳುತ್ತಾರಂತೆ. (ಹೇಳಿದವಳು ನನ್ನ ಹೆಂಡತಿ. ನಾನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.)

ಇಂಥ ಕಂಠಕ್ಕೆ ಕಂಟಕ ಬಂದದ್ದು ‘ಸಹಜತೆ’ ಎಂಬ ಹೊಸ ರೋಗದಿಂದ. ಈಗ ಯಾರಿಗೂ ಗಾಂಭೀರ್ಯ ಬೇಡ. ಬಿಸ್ಕತ್ತು ಮಾರುವವನು, ಬ್ಯಾಂಕಿನವನು, ಬೆನ್ನುನೋವಿನ ಮುಲಾಮಿನವನು, ಎಲ್ಲರೂ ನಿಮ್ಮ ಹೆಗಲ ಮೇಲೆ ಕೈಹಾಕಿದ ಬಾಲ್ಯಸ್ನೇಹಿತನ ಹಾಗೆ "ಏನ್ ಗೊತ್ತಾ..." ಎಂದೇ ಶುರುಮಾಡಬೇಕು. ಅರ್ಧ ಅಕ್ಷರ ನುಂಗಬೇಕು, ನಡುವೆ ನಿಟ್ಟುಸಿರು ಬಿಡಬೇಕು, ಕಾರಣವಿಲ್ಲದೆ ನಗಬೇಕು. ಕಾರಣವಿಲ್ಲದೆ ನಗುವವರನ್ನು ನಮ್ಮ ಕಾಲದಲ್ಲಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಈಗ ಸ್ಟುಡಿಯೋಗೆ ಕರೆದೊಯ್ಯುತ್ತಾರೆ.

ನಾನು ಹೋಗುವ ಸ್ಟುಡಿಯೋಗೆ ಹೊಸದಾಗಿ ಒಬ್ಬ ನಿರ್ದೇಶಕಿ ಬಂದಿದ್ದಳು. ಕಿವಿಗೆ ಹಾಕಬೇಕಾದ ಹೆಡ್‌ಫೋನನ್ನು ಸದಾ ಕೊರಳಿಗೆ ಹಾಕಿಕೊಂಡು ಓಡಾಡುವ ಹುಡುಗಿ. ನಾನು ಅವಳಿಗೆ ‘ಕಂಠೀಹಾರ’ ಎಂದು ಹೆಸರಿಟ್ಟೆ. (ಮನಸ್ಸಿನೊಳಗೇ.) ಆ ದಿನದ ಕೆಲಸ, ಮನೆಬಳಕೆಯ ಮೆಷಿನ್ ಮಾರುವ ಒಂದು ಕಂಪನಿಯ ದೂರು ವಿಭಾಗಕ್ಕೆ ಧ್ವನಿ ಕೊಡುವುದು. ಮೆಷಿನ್ ಕೆಟ್ಟವರು ಫೋನ್ ಮಾಡಿದರೆ ನನ್ನ ಧ್ವನಿ ಎತ್ತಿಕೊಳ್ಳಬೇಕು. ಅವರು ಗೋಳು ಹೇಳಿಕೊಳ್ಳಲು ನಡುನಡುವೆ ಬಿಡುವು ಕೊಡಬೇಕು. ಕೊನೆಗೆ ಸಮಾಧಾನ ಹೇಳಿ ಮುಗಿಸಬೇಕು.

ನಾನು ಗಂಟಲು ಸರಿಮಾಡಿಕೊಂಡು, ಎದೆಯುಬ್ಬಿಸಿ ಆರಂಭಿಸಿದೆ: "ಮಾನ್ಯ ಗ್ರಾಹಕರೇ! ತಮ್ಮ ಅಮೂಲ್ಯವಾದ ದೂರನ್ನು..."

"ಸಾರ್, ಸಾರ್!" ಗಾಜಿನ ಆಚೆಯಿಂದ ಕಂಠೀಹಾರ ಕೈಯಾಡಿಸಿದಳು. "ಯುದ್ಧ ಶುರುವಾಗಿಲ್ಲ ಸಾರ್. ವಾಷಿಂಗ್ ಮೆಷಿನ್ ಕೆಟ್ಟಿದೆ, ಅಷ್ಟೇ. ಸ್ವಲ್ಪ ಸಹಜವಾಗಿ ಮಾತಾಡಿ."

"ಇದೇ ನನ್ನ ಸಹಜ ಧ್ವನಿ!"

"ಮನೇಲೂ ಹೀಗೇ ಮಾತಾಡ್ತೀರಾ?"

"ನಿಸ್ಸಂದೇಹವಾಗಿ."

"ಪಾಪ," ಎಂದಳು. ಯಾರಿಗೆ ಪಾಪ ಎಂದು ಹೇಳಲಿಲ್ಲ. "ಒಂದ್ಕೆಲ್ಸ ಮಾಡಿ. ಸ್ಕ್ರಿಪ್ಟ್ ತಗೊಂಡ್ಹೋಗಿ ಮನೆಯವರ ಜತೆ ಪ್ರಾಕ್ಟೀಸ್ ಮಾಡ್ಕೊಂಡು ನಾಳಿದ್ದು ಬನ್ನಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ ಸಾರ್, ಬೇರೆ ವಾಯ್ಸ್ ನೋಡ್ತೀವಿ. ಇದಕ್ಕೆ ಅಂತಲ್ಲ, ಎಲ್ಲಾದಕ್ಕೂ."

ನಾನು ಮೈಕ್ ಹಿಡಿದಾಗ ಈ ಹುಡುಗಿ ಇನ್ನೂ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದಿರಬೇಕು. ಅವಳಿಂದ ನಾನು ಮಾತಾಡಲು ಕಲಿಯಬೇಕೆ? ಹೀಗೆ ಕೇಳಬೇಕೆಂದು ಬಾಯಿಯವರೆಗೆ ಬಂತು. ಆದರೆ ನನ್ನ ಮಾತು ಗಾಜಿನಾಚೆ ಕೇಳಿಸುವ ಗುಂಡಿಯನ್ನು ಅವಳು ಆಗಲೇ ಆರಿಸಿಬಿಟ್ಟಿದ್ದಳು.

ಮನೆಗೆ ಬಂದವನೇ ಬಟ್ಟೆ ಬೀರುವಿನೊಳಗೆ ಹೊಕ್ಕು ಬಾಗಿಲೆಳೆದುಕೊಂಡೆ. ತೂಗುಹಾಕಿದ ಬಟ್ಟೆಗಳ ನಡುವೆ ಹೊರಗಿನ ಸದ್ದು ಬರುವುದಿಲ್ಲ. ಕೈಯಲ್ಲಿ ಟಾರ್ಚು, ಮೂಗಿನ ಮುಂದೆ ನುಸಿಗುಳಿಗೆ. ಸಹಜತೆಯನ್ನು ನಾನು ಶಾಸ್ತ್ರೀಯವಾಗಿಯೇ ಸಾಧಿಸಲು ನಿರ್ಧರಿಸಿ, ಸ್ಕ್ರಿಪ್ಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದೆ: ‘ಇಲ್ಲಿ ತಡವರಿಸುವುದು’, ‘ಇಲ್ಲಿ ಕಿರುನಗೆ’, ‘ಇಲ್ಲಿ ಕರುಳು ಚುರುಕ್ ಎನ್ನುವುದು’.

"ಅಯ್ಯೋ! ಹೌದಾ?!" ಎಂದು ಕರುಳು ಚುರುಕ್ಕೆನ್ನಿಸಿದೆ.

ಬೀರುವಿನ ಬಾಗಿಲು ದಡಾರನೆ ತೆರೆಯಿತು. ಹೆಂಡತಿ, ಕೈಯಲ್ಲಿ ಮಡಿಚಿದ ಬಟ್ಟೆಯ ರಾಶಿ.

"ಯಾರು ಹೋದ್ರು?"

"ಯಾರೂ ಹೋಗಿಲ್ಲ. ಸಹಜವಾಗಿ ಮಾತಾಡ್ತಾ ಇದೀನಿ."

"ಬೀರು ಒಳಗೆ ಕೂತ್ಕೊಂಡಾ?"

"ಇದು ಕಲೆ. ನಿನಗೆ ಅರ್ಥವಾಗೋದಿಲ್ಲ. ಕೇಳು: ಹ ಹ್ಹ ಹ."

"ಗಂಟಲಲ್ಲಿ ಏನಾದ್ರೂ ಸಿಕ್ಕಾಕ್ಕೊಂಡಿದ್ಯಾ? ಬೆನ್ನು ತಟ್ಲಾ?"

"ಅದು ಕಿರುನಗೆ!"

ಅವಳು ಬಟ್ಟೆಯ ರಾಶಿಯನ್ನು ನನ್ನ ತೊಡೆಯ ಮೇಲಿಟ್ಟಳು. (ಬೀರುವಿನಲ್ಲಿ ಬೇರೆ ಜಾಗವಿರಲಿಲ್ಲ.) "ನೋಡಿ, ಸಹಜವಾಗಿ ಮಾತಾಡ್ಬೇಕು ಅಂದ್ರೆ ಮೊದ್ಲು ಮಾತಾಡ್ಬೇಕು. ಬೆಳಿಗ್ಗೆಯಿಂದ ನನ್ನ ಹತ್ರ ಏನ್ ಮಾತಾಡಿದೀರಿ ಹೇಳಿ? ‘ಹೂಂ’, ‘ಊಹೂಂ’, ‘ಟವಲ್ಲು’."

"ಮನೆಯಲ್ಲಿ ಧ್ವನಿಗೆ ವಿಶ್ರಾಂತಿ ಕೊಡಬೇಕಾಗುತ್ತದೆ."

"ಕೊಡಿ, ಕೊಡಿ. ಮೊನ್ನೆ ಅಮ್ಮ ಇಲ್ಲಿದ್ದಷ್ಟು ದಿನವೂ ಕೊಟ್ರಿ. ಅವಳು ಹೊರಟಾಗ ಮಾತ್ರ ‘ಹೋಗಿ ಬನ್ನಿ ಅತ್ತೆ, ಹುಷಾರು ಅತ್ತೆ’ ಅಂತ ಬಸ್ಸಿನ ಕಿಟಕಿ ಬಿಡ್ಲಿಲ್ಲ!"

ಅತ್ತೆಯ ವಿಷಯ ಬಂದದ್ದರಿಂದ ಎರಡು ಮಾತು ಹೇಳಿಬಿಡುತ್ತೇನೆ. ಅವರು ಊರಿನ ಇನ್ನೊಂದು ತುದಿಯಲ್ಲಿ ಮಗ-ಸೊಸೆಯ ಜತೆ ಇರುತ್ತಾರೆ. ಆಗಾಗ ಸೊಸೆಯ ಮೇಲೆ ಮುನಿಸಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ನನ್ನ ಮೇಲೆ ಮುನಿಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಕಿವಿ ಚೆನ್ನಾಗಿ ಕೇಳುತ್ತದೆ, ಆದರೆ ಕೇಳುವ ಅಭ್ಯಾಸವಿಲ್ಲ. ಅವರು ಮಾತಾಡುತ್ತಿರುವಾಗ ನಾನು ಪೇಪರನ್ನು ಅಗಲವಾಗಿ ಬಿಡಿಸಿ ಹಿಡಿದುಕೊಳ್ಳುತ್ತೇನೆ. ಒಮ್ಮೆ ಪೇಪರಿನ ಆಚೆಯಿಂದ, "ಅಳಿಯಂದ್ರೇ, ತಲೆಕೆಳಗಾಗಿ ಹಿಡ್ಕೊಂಡಿದೀರಿ," ಎಂಬ ಧ್ವನಿ ಬಂದಿತ್ತು.

ಹೇಳಿದ ದಿನ ಸ್ಟುಡಿಯೋಗೆ ಹೋದೆ. ಪೆನ್ಸಿಲಿನ ಗುರುತುಗಳನ್ನು ನೋಡಿ ಕಂಠೀಹಾರ ಹಾಳೆಯನ್ನು ಕಿತ್ತುಕೊಂಡು ಬೇರೆ ಪ್ರತಿ ಕೊಟ್ಟಳು.

"ಊರಿಗೆಲ್ಲ ಹೇಳ್ಬೇಡಿ ಸಾರ್. ಒಬ್ಬರಿಗೆ ಹೇಳಿ. ನಿಮಗೆ ಹತ್ತಿರದವರನ್ನ ಯಾರನ್ನಾದ್ರೂ ಮನಸ್ಸಲ್ಲಿ ತಂದ್ಕೊಳ್ಳಿ. ಅವರು ಎದುರಿಗಿದ್ದಾರೆ ಅಂತ ಮಾತಾಡಿ."

ಹೆಂಡತಿಯನ್ನು ತಂದುಕೊಂಡೆ. ಧ್ವನಿ ನಡುಗಿತು.

"ಗ್ರಾಹಕರಿಗೆ ಹೆದರ್ಬೇಡಿ ಸಾರ್."

ಬಾಲ್ಯಸ್ನೇಹಿತನನ್ನು ತಂದುಕೊಂಡೆ. ಅವನು ಎರಡು ಮಹಡಿಯ ಮನೆ ಕಟ್ಟಿಸಿದ್ದಾನೆ. ಧ್ವನಿ ಹುಳಿಯಾಯಿತು.

"ಗ್ರಾಹಕರನ್ನ ಬೈಯಬೇಡಿ ಸಾರ್." ಅವಳು ಗಡಿಯಾರ ನೋಡಿದಳು. ಹೊರಗಿನ ಬೆಂಚಿನ ಮೇಲೆ, ತಲೆ ಬಾಚದ ಒಬ್ಬ ಯುವಕ ಯಾರಿಗೋ ಫೋನಿನಲ್ಲಿ "ಏನ್ ಗೊತ್ತಾ..." ಎನ್ನುತ್ತ ಕಾಯುತ್ತಿದ್ದ. ಇಷ್ಟು ವರ್ಷ ಊರನ್ನೇ ಬಸ್ ಹತ್ತಿಸಿ ಇಳಿಸಿದ ಕಂಠ ಈ ಬಾಚಣಿಗೆ ಕಾಣದವನಿಗೆ ಸೋಲುವುದೆ?

ಆಗ ಏಕೋ ಏನೋ, ಮೊನ್ನೆಯ ಬಸ್ ನಿಲ್ದಾಣ ಕಣ್ಣ ಮುಂದೆ ಬಂತು. ಅತ್ತೆ ಅತ್ತ ಹೊರಟಿದ್ದಾರೆ. ಸೂಟ್‌ಕೇಸ್ ಮೇಲೇರಿದೆ. ಕಂಡಕ್ಟರ್ ಸೀಟಿ ಊದಿದ್ದಾನೆ. ನನ್ನ ಎದೆಯೊಳಗೆ ಏನೋ ಕರಗಿ ಜೇನಾಗಿ ಗಂಟಲಿಗೆ ಏರಿತು.

"ಹಲೋ..." ಎಂದೆ. ಬಿಡುವು ಕೊಟ್ಟೆ. "ಹಾಂ, ನಾನೇ. ಹೇಳಿ." ಮತ್ತೆ ಬಿಡುವು. "ಅಯ್ಯೋ, ಹೌದಾ? ಯಾವಾಗಿಂದ?" ದೊಡ್ಡ ಬಿಡುವು. "ಪಾಪ, ಎಷ್ಟು ಕಷ್ಟ ಆಗಿರ್ಬೇಕು ನಿಮಗೆ... ಚಿಂತೆ ಮಾಡ್ಬೇಡಿ, ನಾನಿದ್ದೀನಲ್ಲ. ಬೆಳಿಗ್ಗೆ ನಮ್ಮ ವ್ಯಾನ್ ಕಳಿಸ್ತೀನಿ. ಬಾಗಿಲಿಗೇ ಬಂದು ಹುಷಾರಾಗಿ ಕರ್ಕೊಂಡ್ಬರ್ತಾರೆ..." ಹೀಗೇ ಕೊನೆಯ ಸಾಲಿನವರೆಗೂ ಹರಿಯಿತು.

ಸ್ಕ್ರಿಪ್ಟಿನಲ್ಲಿದ್ದದ್ದು ‘ಎತ್ತಿಕೊಂಡು ಬರುತ್ತಾರೆ’ ಎಂದು. ಅತ್ತೆಯ ಧ್ಯಾನದಲ್ಲಿ ಬಾಯಿತಪ್ಪಿ ‘ಕರ್ಕೊಂಡು’ ಬಂದುಬಿಟ್ಟಿತ್ತು.

ಗಾಜಿನಾಚೆ ನೋಡಿದರೆ ಕಂಠೀಹಾರ ಮೊಟ್ಟಮೊದಲ ಬಾರಿಗೆ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಿದ್ದಳು. "ಆ ತಪ್ಪೇ ಇರ್ಲಿ ಸಾರ್, ಎಷ್ಟು ಆತ್ಮೀಯವಾಗಿದೆ! ಯಾರನ್ನ ನೆನೆಸ್ಕೊಂಡ್ರಿ?"

"ನಮ್ಮ ಅತ್ತೆಯನ್ನು."

"ಪುಣ್ಯವಂತರು ಸಾರ್ ಅವರು," ಎಂದಳು. ನಾನು ಅಲ್ಲಗಳೆಯಲಿಲ್ಲ. ಹೊರಬರುವಾಗ ತಲೆ ಬಾಚದವನ ಕಡೆ ಒಂದು ಕಿರುನಗೆ ಬೀರಿದೆ. ಅದು ಪೂರ್ತಿ ಸಹಜವಾಗಿತ್ತು.

ಕೆಲವು ದಿನ ನಾನು ನೆಲದಿಂದ ಒಂದು ಗೇಣು ಮೇಲೆ ನಡೆದೆ. ಕಂಪನಿಯವರಿಗೆ ನನ್ನ ಧ್ವನಿ ಹಿಡಿಸಿತು. ಜನ ಅದು ರೆಕಾರ್ಡಿಂಗ್ ಎಂದು ತಿಳಿಯದೆ ನನ್ನ ಜತೆ ಸುಖದುಃಖ ಹೇಳಿಕೊಳ್ಳುತ್ತಾರಂತೆ, ಆರೋಗ್ಯ ವಿಚಾರಿಸುತ್ತಾರಂತೆ. "ಎಂಥ ದಡ್ಡ ಜನ!" ಎಂದು ನಾನು ಹೆಂಡತಿಯೆದುರು ತೊಡೆ ತಟ್ಟಿಕೊಂಡು ನಗುತ್ತಿರುವಾಗಲೇ ಬಾಗಿಲಲ್ಲಿ ವ್ಯಾನು ಬಂದು ನಿಂತಿತು.

ಹಿಂಭಾಗದಲ್ಲಿ ಒಂದು ವಾಷಿಂಗ್ ಮೆಷಿನ್. ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ, ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು, ಅತ್ತೆ.

"ಮೆಷಿನ್ ರಿಪೇರಿಗೆ ಒಯ್ತಾ ಇದೀವಿ ಸಾರ್," ಎಂದ ಡ್ರೈವರ್, ಬೆವರೊರೆಸಿಕೊಳ್ಳುತ್ತ. "ಅಮ್ಮಾವ್ರು, ‘ನನ್ನನ್ನೂ ಕರ್ಕೊಂಡ್ಬಾ ಅಂತ ನಮ್ಮ ಅಳಿಯ ಹೇಳಿದಾರೆ, ಬೇಕಾದ್ರೆ ಫೋನ್ ಮಾಡಿ ಕೇಳು’ ಅಂದ್ರು. ಮಾಡ್ದೆ. ಹಾಗೇ ಅಂತಿದೀರಿ ಸಾರ್ ನೀವು."

ಅತ್ತೆ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅಳಿಯಂದ್ರೇ, ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ. ಕಲ್ಲು ಅಂದ್ಕೊಂಡಿದ್ದೆ."

"ಏನಾಯ್ತಮ್ಮ?" ಎಂದಳು ಹೆಂಡತಿ.

"ಮೆಷಿನ್ ಕೆಟ್ಟು ಕೂತಿತ್ತು ಕಣೇ. ನಿನ್ನ ತಮ್ಮ ತಿರುಗಿ ನೋಡ್ಲಿಲ್ಲ. ಅದರ ಮೇಲಿದ್ದ ನಂಬರಿಗೆ ನಾನೇ ಮಾಡ್ದೆ. ‘ಹಲೋ’ ಅಂದ್ರು. ಧ್ವನಿ ಗುರುತು ಸಿಗಲ್ವಾ ನಂಗೆ? ‘ಅಳಿಯಂದ್ರಾ?’ ಅಂದೆ. ‘ಹಾಂ, ನಾನೇ. ಹೇಳಿ’ ಅಂದ್ರು! ಮೆಷಿನ್ ಪಾಡು ಹಾಗಿರ್ಲಿ ಅಂತ ನಿನ್ನ ತಮ್ಮನ ಹೆಂಡ್ತಿ ಆಡೋ ಆಟ ಹೇಳ್ದೆ. ‘ಅಯ್ಯೋ, ಹೌದಾ? ಯಾವಾಗಿಂದ?’ ಅಂದ್ರು." ಇಲ್ಲಿ ಅತ್ತೆ ಅತ್ತರು. "ಯಾವಾಗಿಂದ ಅಂತ ನನ್ನನ್ನ ಇದುವರೆಗೂ ಯಾರೇ ಕೇಳಿದಾರೆ? ಎಲ್ಲಾ ಹೇಳ್ಕೊಂಡೆ. ಒಂದೇ ಒಂದ್ಸಲ ಅಡ್ಡ ಬಾಯಿ ಹಾಕ್ಲಿಲ್ಲ, ಮಹಾನುಭಾವರು. ‘ಇನ್ನು ನಿಮ್ಮನೇಲೇ ಇದ್ಬಿಡ್ಲಾ?’ ಅಂದೆ. ‘ಚಿಂತೆ ಮಾಡ್ಬೇಡಿ, ನಾನಿದ್ದೀನಲ್ಲ’ ಅಂದ್ರು."

"ಅತ್ತೆ! ಅದು ನಾನಲ್ಲ! ಅದು..." ಎಂದು ಬಸ್ ನಿಲ್ದಾಣದ ಧ್ವನಿಯಲ್ಲಿ ಗುಡುಗಿದೆ. ಹೆಂಡತಿ ನನ್ನ ಕಾಲು ತುಳಿದು, ಸೂಟ್‌ಕೇಸನ್ನೂ ನನ್ನನ್ನೂ ಒಟ್ಟಿಗೆ ಒಳಗೆಳೆದುಕೊಂಡಳು.

ಅಡುಗೆಮನೆಯಲ್ಲಿ ಅವಳು ಹೇಳಿದ್ದನ್ನು ನಾನಿನ್ನೂ ಮರೆತಿಲ್ಲ. ಜಗಳವಾಡುವ ಧ್ವನಿಯೂ ಅಲ್ಲ ಅದು.

"ಮದುವೆ ಆದಾಗಿಂದ ಒಂದಿನ, ಒಂದೇ ಒಂದಿನ, ನಂಗೆ ‘ನಾನಿದ್ದೀನಲ್ಲ’ ಅಂದಿದೀರಾ? ಮೆಷಿನ್ ಕೆಟ್ಟೋರಿಗೆಲ್ಲಾ ಅಂತೀರಿ."

"ಅದು ಸ್ಕ್ರಿಪ್ಟಿನಲ್ಲಿತ್ತು ಕಣೇ."

"ಬರ್ಕೊಡ್ಲಾ ನಾನೂ?" ಎಂದಳು.

ಮರುದಿನ ಅತ್ತೆಗೆ ನಿಜ ಹೇಳಿಯೇಬಿಟ್ಟೆ: ರೆಕಾರ್ಡಿಂಗ್ ಎಂದರೇನು, ಸ್ಟುಡಿಯೋ ಎಂದರೇನು, ಕಲೆ ಎಂದರೇನು. ಅವರು ಎಲ್ಲವನ್ನೂ ಕೇಳಿ, "ಇರ್ಲಿ, ಬಾಯಿ ನಿಮ್ಮದೇ ತಾನೆ? ಅಲ್ಲಿ ಬಂದಿದ್ದು ಇಲ್ಲೂ ಬರ್ಬೇಕಲ್ಲ. ಹಾಗೇ ಒಂದೆರಡು ಮಾತಾಡಿ ನೋಡೋಣ," ಎಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

ನನ್ನ ಕಷ್ಟ ಯಾರಿಗೆ ಹೇಳಲಿ? ಆ ಧ್ವನಿ ಬರಬೇಕಾದರೆ ಅತ್ತೆ ಬಸ್ಸಿನಲ್ಲಿ ಹೊರಡುವುದು ಕಣ್ಣಿಗೆ ಕಟ್ಟಬೇಕು. ಅವರು ಎದುರಿಗೇ ಕೂತು ಕಾಲು ಚಾಚಿದ್ದಾರೆ! ಹಲ್ಲುಕಚ್ಚಿ ಪ್ರಯತ್ನಿಸಿದೆ. "ತಮ್ಮ ಊಟವು... ಮುಗಿಯಿತೇ?" ಎಂಬ ಘೋಷಣೆ ಹೊರಬಿದ್ದು ಕಿಟಕಿಯ ಗಾಜು ಅದುರಿತು.

ಅತ್ತೆ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಫೋನ್ ಎತ್ತಿಕೊಂಡು, ನಂಬರು ಒತ್ತಿ, ಸ್ಪೀಕರ್ ಹಾಕಿದರು.

"ಹಲೋ..." ಎಂದಿತು ನನ್ನ ಜೇನುದನಿ.

"ಒಂದು ದೂರು ಕೊಡ್ಬೇಕಿತ್ತು."

"ಹಾಂ, ನಾನೇ. ಹೇಳಿ."

"ನಮ್ಮ ಮಗಳ ಮನೇಲಿ ಒಂದಿದೆ. ಬರೀ ಸದ್ದು ಮಾಡುತ್ತೆ, ಕೆಲ್ಸ ಮಾಡಲ್ಲ."

"ಅಯ್ಯೋ, ಹೌದಾ? ಯಾವಾಗಿಂದ?"

"ತಂದಾಗಿಂದ."

"ಪಾಪ, ಎಷ್ಟು ಕಷ್ಟ ಆಗಿರ್ಬೇಕು ನಿಮಗೆ... ಚಿಂತೆ ಮಾಡ್ಬೇಡಿ, ನಾನಿದ್ದೀನಲ್ಲ. ಬೆಳಿಗ್ಗೆ ನಮ್ಮ ವ್ಯಾನ್ ಕಳಿಸ್ತೀನಿ. ಬಾಗಿಲಿಗೇ ಬಂದು ಹುಷಾರಾಗಿ ಕರ್ಕೊಂಡ್ಬರ್ತಾರೆ. ರಿಪೇರಿ ಆಗ್ಲಿಲ್ಲ ಅಂದ್ರೆ ಬೇರೇದೇ ಕೊಟ್ಬಿಡೋಣ, ಆಯ್ತಾ?"

ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. "ಅಮ್ಮಾ, ಗ್ಯಾರಂಟಿ ಮುಗ್ದಿದೆ ಅಂತ ಮಾತ್ರ ಬಾಯ್ಬಿಡ್ಬೇಡ!"