ಕೊಟ್ರಮ್ಮನ ಮುತ್ತಿನುಂಗುರ

ಇಪ್ಪತ್ತೆರಡು ವರ್ಷ ಯಾರ ಕೈಲೂ ಆಗದ್ದನ್ನು ತಾನು ಮಾಡಿ ತೋರಿಸುತ್ತೇನೆಂದು ಹಿರಿಯೂರಿನ ಪೈಪು-ನಲ್ಲಿ ಅಂಗಡಿಯ ಮುರುಗಪ್ಪ ಪಣ ತೊಟ್ಟ. ಅಂಥಾ ಘನಕಾರ್ಯ ಯಾವುದೆಂದರೆ, ಹೆಂಡತಿ ಕೊಟ್ರಮ್ಮನ ಸಿಟ್ಟು ಇಳಿಸುವುದು!

ಮುತ್ತು ಚಂದ್ರನ ರತ್ನ, ತೊಟ್ಟವರ ಮನಸ್ಸು ತಣ್ಣಗಿರುತ್ತದೆ ಎಂದು ಯಾರೋ ಹೇಳಿದ್ದೇ ತಡ, ದುರ್ಗಕ್ಕೆ ಹೋಗಿ ಬೆಳ್ಳಿಯಲ್ಲಿ ಕಟ್ಟಿಸಿದ ಮುತ್ತಿನುಂಗುರ ತಂದ. ನಿಜವಾದ ಕಾರಣ ಹೇಳಿದರೆ ಉಂಗುರವೂ ತಾನೂ ಒಟ್ಟಿಗೇ ಬೀದಿಗೆ ಬೀಳುವುದು ಖಾತ್ರಿಯಾದ್ದರಿಂದ, ಮದುವೆಯಾದ ದಿನದ ನೆನಪಿಗೆ ಉಡುಗೊರೆ ಎಂದ. ಸೋಮವಾರ ಹಸಿ ಹಾಲಲ್ಲಿ ಅದ್ದಿ ತಾನೇ ತೊಡಿಸಿದ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಬೆರಳಿಂದ ತೆಗೆಯುವುದಿಲ್ಲ ಎಂದು ಆಣೆಯನ್ನೂ ಹಾಕಿಸಿಕೊಂಡ.

ತೊಂದರೆ ಶುರುವಾದದ್ದು ಅಂಗಡಿಯವರು ಉಂಗುರದ ಜೊತೆ ಕೊಟ್ಟ ಚೀಟಿಯಿಂದ. ಮುತ್ತು ಬಲು ಮೆತ್ತನೆಯ ರತ್ನವಂತೆ. ಹುಳಿ ತಾಗಿದರೆ ಹೊಳಪು ಹೋಗುತ್ತದಂತೆ, ಸೋಪಿಗೆ ಮಾಸುತ್ತದಂತೆ, ಗೀರು ಬಿದ್ದರೆ ಮುಗಿದೇ ಹೋಯಿತಂತೆ. ಮೊದಲ ಸಂಜೆಯೇ ಕೊಟ್ರಮ್ಮ ಸಾರಿಗೆ ಹುಣಸೆಹಣ್ಣು ಕಿವುಚಲು ಹೊರಟಳು. ಮುರುಗಪ್ಪ ಓಡಿಹೋಗಿ ಬಟ್ಟಲು ಕಸಿದುಕೊಂಡು ತಾನೇ ಕಿವುಚಿದ. ಮಾರನೆಯ ದಿನ, ಸೋಪು ಮುತ್ತಿಗಾಗದು ಎಂದು ಹೇಳಿ ಪಾತ್ರೆ ತಿಕ್ಕಿದ. ಮೂರನೆಯ ದಿನ ಬಟ್ಟೆ ಒಗೆದ. ಬಿಸಿಗೆ ಮುತ್ತು ಬಿರುಕು ಬಿಟ್ಟರೇನು ಗತಿ ಎಂದು ಮುದ್ದೆ ತಿರುವುವ ಕೋಲೂ ಅವನ ಕೈಗೇ ಬಂತು. ಆ ಮುದ್ದೆಯ ಗಂಟುಗಳನ್ನು ಕೊಟ್ರಮ್ಮ ತುಟಿ ಪಿಟಕ್ಕೆನ್ನದೆ ನುಂಗಿದಳು. ಆಹಾ, ಮುತ್ತು ಕೆಲಸ ಮಾಡುತ್ತಿದೆ!

ದಿನಾ ಊಟವಾದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಮುತ್ತು ಒರೆಸುತ್ತ ಅವಳ ಕೈ ಹಿಡಿದು ಕೂರುತ್ತಿದ್ದ. ಮದುವೆಯಾದ ಹೊಸದರಲ್ಲೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಅವಳು ನಕ್ಕರೆ ಅವನಿಗೂ ಖುಷಿಯೇ. ಆದರೆ ತಿಂಗಳು ತುಂಬುವಷ್ಟರಲ್ಲಿ ಅಂಗೈ ಒಡೆದಿತ್ತು, ಸೊಂಟ ಹಿಡಿದಿತ್ತು.

ಅಂಥ ಒಂದು ಸಂಜೆ ಪಕ್ಕದ ಮನೆಯ ಜಂಪಣ್ಣ ಬಂದ. ಅವನ ಹೆಂಡತಿಯೂ ಮುತ್ತಿನುಂಗುರವೇ ಬೇಕೆಂದು ಹಠ ಹಿಡಿದಿದ್ದಳು. ದುರ್ಗದಲ್ಲಿ ಯಾವ ಅಂಗಡಿ ಎಂದು ಕೇಳಿದ್ದೇ ಅವನ ತಪ್ಪಾಯಿತು. ಕುಕ್ಕರ್ ತಿಕ್ಕುತ್ತಿದ್ದ ಮುರುಗಪ್ಪ ರೇಗಿ ಎದ್ದು, ಜನ್ಮದಲ್ಲಿ ಆಡದ ಮಾತೆಲ್ಲ ಆಡಿ ಅವನನ್ನು ಗೇಟಿನಾಚೆ ಅಟ್ಟಿದ. ಅದೇ ಭರದಲ್ಲಿ ಹೆಂಡತಿಯ ಕಡೆ ತಿರುಗಿ ಬಾಯಿ ಬಿಟ್ಟ.

"ನಿನ್ನ ಸಿಟ್ಟು ಇಳೀಲಿ ಅಂತ ಉಂಗುರ ತಂದ್ರೆ, ನನ್ನ ಸೊಂಟನೇ ಬಿದ್ದೋತಲ್ಲೇ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಇನ್ನು ತನ್ನ ಕಥೆ ಮುಗಿಯಿತೆಂದು ಕಣ್ಣು ಮುಚ್ಚಿ ನಿಂತ.

ಕೊಟ್ರಮ್ಮ ಉಂಗುರವಿಲ್ಲದ ಕೈಯಲ್ಲಿ ಸೆರಗು ಹಿಡಿದು ಅವನ ಮೊಣಕೈಯ ನೊರೆ ಒರೆಸಿದಳು.

"ನಂಗೂ ಈ ಹೊತ್ತಿಗೇ ಸಿಟ್ಟು ಬರ್ತಿದ್ದಿದ್ದು ಕಣ್ರಿ. ಪಾತ್ರೆ ಮುಂದೆ ಕುಂತಾಗ."

ಇಪ್ಪತ್ತೆರಡು ವರ್ಷದ ಪಾತ್ರೆಗಳೆಲ್ಲ ಒಮ್ಮೆಲೇ ಮುರುಗಪ್ಪನ ಕಣ್ಣ ಮುಂದೆ ಬಂದವು. ಅವನಿಗೆ ತುಂಬ ನಾಚಿಕೆಯಾಯಿತು. ಹಾಗಾದರೆ ತನಗೂ ಒಂದು ಮುತ್ತು ತಂದುಕೊಳ್ಳಲೇ ಎಂದು ಮೆತ್ತಗೆ ಕೇಳಿದ.

"ತಂದ್ಕಬೋದಿತ್ತು," ಎನ್ನುತ್ತ ಕೊಟ್ರಮ್ಮ ಕುಕ್ಕರನ್ನು ಅವನ ಕಡೆ ಸರಿಸಿದಳು. "ಆದ್ರೆ ಸೋಪಿನ ನೀರಾಗೆ ಕೈ ಇಡೋರು ಮುತ್ತು ಹಾಕ್ಕಬಾರ್ದು ಅಂತ ನೀವೇ ಹೇಳಿದ್ರಲ್ರಿ."