ಓಡಬಾರದಿದ್ದ ಇಲಿಗಳು

ಅನಾಹುತಕ್ಕೆಲ್ಲ ಕಾರಣ ಒಂದು ತಂತಿ ಕೊಕ್ಕೆ. ಅದೂ ಕಿರುಬೆರಳಿನ ಉಗುರಿನಷ್ಟು.

ಕ್ಯಾನ್ಸರ್ ಸಂಶೋಧನೆಯ ಸಂಸ್ಥೆಯೊಂದರಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಬೀದಿಯವರು ಅವನನ್ನು ಇಲಿಯಣ್ಣ ಎನ್ನುತ್ತಿದ್ದರು; ಎಷ್ಟು ಕಾಲದಿಂದ ಅನ್ನುತ್ತಿದ್ದರೆಂದರೆ ಅವನಿಗೂ ಅದು ಅಡ್ಡಹೆಸರೆಂಬುದು ಮರೆತುಹೋಗಿತ್ತು. ಅವನ ರಾಜ್ಯ ಕಿಟಕಿಯಿಲ್ಲದ ಒಂದು ಕೋಣೆ. ಎಡಗೋಡೆಗೊಂದು ಕಪಾಟು, ಬಲಗೋಡೆಗೊಂದು ಕಪಾಟು, ಅವುಗಳ ತುಂಬ ಪಾರದರ್ಶಕ ಪೆಟ್ಟಿಗೆಗಳು. ಪೆಟ್ಟಿಗೆಗೊಂದು ಬಿಳಿ ಇಲಿ, ಇಲಿಗೊಂದು ಚಕ್ರ. ಎಲ್ಲ ಇಲಿಗಳಿಗೂ ಕ್ಯಾನ್ಸರ್ ಹತ್ತಿಸಿದ್ದರು. ಎಡಗಡೆಯವು ಚಕ್ರದ ಮೇಲೆ ಬೇಕಾದಷ್ಟು ಓಡಬಹುದು. ಬಲಗಡೆಯ ಚಕ್ರಗಳಿಗೆ ಮಾತ್ರ ಕೊಕ್ಕೆ ಸಿಕ್ಕಿಸಿ ತಿರುಗದಂತೆ ಮಾಡಿತ್ತು. ಓಡಿದ ಇಲಿಯಲ್ಲಿ ಗಂಟು ನಿಧಾನವಾಗಿ ಬೆಳೆಯುತ್ತದೆಯೇ, ಶ್ವಾಸಕೋಶಕ್ಕೆ ಹರಡುವುದು ಕಡಿಮೆಯಾಗುತ್ತದೆಯೇ ಎಂದು ನೋಡುವುದು ಪ್ರಯೋಗ ನಡೆಸುತ್ತಿದ್ದ ಮೇಡಂ ಅವರ ಉದ್ದೇಶ. ಸರಳವಾದ ಪ್ರಯೋಗ. ಅದನ್ನು ಕೆಡಿಸಬೇಕೆಂದರೆ ವಿಶೇಷ ಪ್ರತಿಭೆಯೇ ಬೇಕು.

ಇಲಿಯಣ್ಣನಲ್ಲಿ ಆ ಪ್ರತಿಭೆ ಇತ್ತು. ಬಲಗಡೆಯ ಮರಿ ಇಲಿಯೊಂದು ಚಕ್ರ ಹತ್ತುವುದು, ಕಾಲಿನಿಂದ ತಳ್ಳುವುದು, ಅದು ತಿರುಗದಿದ್ದಾಗ ಇಳಿದು ಅವನ ಮುಖವನ್ನೇ ನೋಡುವುದು. ಮತ್ತೆ ಹತ್ತುವುದು. ಬಾಗಿಲು ತೆರೆಯದ ಮನೆಯ ಮುಂದೆ ನಿಂತ ನೆಂಟನ ಹಾಗೆ. ಅವನ ಕರುಳು ಚುರುಕ್ ಎಂದಿತು. ಸಂಜೆ ಎಲ್ಲರೂ ಹೋದಮೇಲೆ ಅದರ ಕೊಕ್ಕೆ ತೆಗೆದ. ಪಕ್ಕದ ಇಲಿಗೆ ಬೇಜಾರಾಗಬಾರದೆಂದು ಅದರದೂ ತೆಗೆದ. ಆಮೇಲೆ ಭೇದಭಾವ ಯಾಕೆಂದು ಇಡೀ ಬಲಗೋಡೆಗೆ ಸ್ವಾತಂತ್ರ್ಯ ಕೊಟ್ಟ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೊಕ್ಕೆ ಸಿಕ್ಕಿಸಿಬಿಡುತ್ತಿದ್ದ. ಪ್ರಯೋಗ ಮುಗಿಯುವವರೆಗೂ ಹೀಗೇ ನಡೆಯಿತು. ಇದರಿಂದ ಯಾರಿಗಾದರೂ ತೊಂದರೆಯಾಗಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಇಲಿಗಳು ಖುಷಿಯಾಗಿದ್ದವು, ಅಷ್ಟೇ.

ಮನೆಯಲ್ಲಿ ಖುಷಿಯಾಗಿರದೆ ಇದ್ದವಳು ಅಕ್ಕ. ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಔಷಧಿಯ ಸುತ್ತುಗಳೆಲ್ಲ ಮುಗಿದು, ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳುತ್ತಿರಲಿಲ್ಲ. ದಿನಾ ಬಿರುಸಾಗಿ ನಡೀಬೇಕಮ್ಮ, ಏದುಸಿರು ಬರೋ ಹಾಗೆ, ಎಂದು ಡಾಕ್ಟರು ಹೇಳಿದ್ದರು. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಇಲಿಯಣ್ಣ ಊಟಕ್ಕೆ ಕೂತಾಗಲೆಲ್ಲ ಇಲಿಪುರಾಣ ಬಿಚ್ಚುತ್ತಿದ್ದ. "ಆ ಗಾತ್ರದ ಪ್ರಾಣಿ ಓಡುತ್ತೆ ಅಕ್ಕ, ನಿಂಗೇನಾಗಿದೆ?" ಕಡೆಗೊಂದು ದಿನ ಅವಳು, "ಆಯ್ತಪ್ಪಾ, ನಡೀತೀನಿ. ಊಟದ ಹೊತ್ತಲ್ಲಿ ಆ ಇಲಿ ಸುದ್ದಿ ಮಾತ್ರ ನಿಲ್ಸು" ಎಂದು ಎದ್ದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಎದುರುಮನೆಯ ಟೈಲರಮ್ಮನ ಜೊತೆ ಬೂಟು ಕಟ್ಟಿಕೊಂಡು ಹೊರಡುತ್ತಿದ್ದಳು. ಅವರಿಬ್ಬರೂ ಬೀದಿಯ ಮೂಲೆ ತಿರುಗುವವರೆಗೆ ನೋಡುತ್ತ ನಿಂತು, ಆಮೇಲೆ ಇಲಿಯಣ್ಣ ಬಸ್ಸಿಗೆ ಓಡುತ್ತಿದ್ದ. ಅವಳನ್ನು ನೋಡಿ ಬೀದಿಯ ಇನ್ನೂ ನಾಲ್ಕಾರು ಮಂದಿ ನಡೆಯಲು ಶುರುಮಾಡಿದ್ದರು. ಸಂಸ್ಥೆಯ ಗೇಟಿನ ಕಾವಲುಗಾರನೂ ಅದೇ ಬೀದಿಯವನು. ಅವನನ್ನು ಹೆಂಡತಿ ಹಾಸಿಗೆಯಿಂದ ಎಳೆದು ಹೊರಗೆ ದಬ್ಬುತ್ತಿದ್ದಳು.

ಫಲಿತಾಂಶದ ದಿನ ಅಕ್ಕ ಬಾಗಿಲಲ್ಲಿ ನಿಂತು, "ಇವತ್ತು ನಿನ್ ಇಲಿಗಳ ರಿಸಲ್ಟಾ? ಬಂದ್ ತಕ್ಷಣ ಹೇಳು" ಎಂದಳು. ಇಲಿಯಣ್ಣ ಪರೀಕ್ಷೆಗೆ ಹೋಗುವ ಮಗುವಿನ ಅಪ್ಪನಂತೆ ಒಗೆದ ಷರಟು ಹಾಕಿಕೊಂಡು ಹೋದ.

ಮೀಟಿಂಗ್ ಕೋಣೆಯಲ್ಲಿ ಅವನು ಹಿಂದಿನ ಗೋಡೆಗೆ ಒರಗಿ ನಿಂತ. ಪರದೆಯ ಮೇಲೆ ಗ್ರಾಫಿನ ಎರಡು ಗೆರೆಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಮೇಡಂ ಬಹಳ ಹೊತ್ತು ಆ ಗೆರೆಗಳನ್ನೇ ನೋಡಿದರು.

"ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ," ಎಂದರು. "ಗಂಟಿನ ಗಾತ್ರ ಒಂದೇ. ಶ್ವಾಸಕೋಶಕ್ಕೆ ಹರಡಿರೋದೂ ಒಂದೇ. ಓಡಿದ್ರೂ ಅಷ್ಟೇ, ಓಡದಿದ್ರೂ ಅಷ್ಟೇ."

ಇಲಿಯಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಗೇ ಅರ್ಥವಾಯಿತು. ವ್ಯತ್ಯಾಸ ಎಲ್ಲಿಂದ ಬರಬೇಕು? ಓಡಬಾರದವೂ ಓಡಿದ್ದವಲ್ಲ!

ಮೇಡಂ ಈಗ ಸಂಶೋಧನಾ ವಿದ್ಯಾರ್ಥಿನಿಯ ಕಡೆ ತಿರುಗಿದ್ದರು. "ಅಳತೆ ನೀನೇ ಮಾಡಿದ್ದಲ್ವಾ? ಎಲ್ಲೋ ಎಡವಟ್ಟು ಮಾಡಿದೀಯ. ಇಷ್ಟು ಕೆಟ್ಟ ಕೆಲಸ ನಾನು ನೋಡಿಲ್ಲ."

ಹುಡುಗಿಯ ಮುಖ ಬಾಡಿದ ಸೊಪ್ಪಾಯಿತು. "ಮೇಡಂ, ಒಂದ್ ಮಾತು..." ಎಂದ ಇಲಿಯಣ್ಣ.

"ನಿಮ್ಮ ಕೋಣೆಯ ಏಸಿ ರಿಪೇರಿ ವಿಷಯ ಆಮೇಲೆ."

"ಏಸಿ ಅಲ್ಲ ಮೇಡಂ, ಇಲಿ..."

"ಇಲಿಗಳದ್ದು ಮುಗೀತಲ್ಲ. ಟೀ ಹೇಳಿ ಎಲ್ರಿಗೂ."

ಅವನು ಹೊರಗೆ ಬಂದು, ಕಟ್ಟಡವೆಲ್ಲ ಸುತ್ತಿ ಟೀಯವನನ್ನು ಹುಡುಕಿ ಟೀ ಹೇಳಿದ. ಆಮೇಲೆ ಅಕ್ಕನ ನೆನಪಾಯಿತು. ಸುದ್ದಿ ಬೇರೆ ಯಾರ ಬಾಯಿಂದಲಾದರೂ ಅವಳಿಗೆ ಮುಟ್ಟಿದರೆ? ಗೇಟಿನ ಕಡೆ ಓಡಿದ. ಕಾವಲುಗಾರ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಹಲ್ಲು ಕಿರಿಯುತ್ತಿದ್ದ.

"ಕೇಳಿದ್ಯೇನೋ ಇಲಿಯಣ್ಣ? ಓಡಿದ್ರೂ ಅಷ್ಟೇ, ಮಲಗಿದ್ರೂ ಅಷ್ಟೇ ಅಂತೆ! ಟೀಯವನು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು ಬಂದು ಹೇಳಿದ. ಆಗ್ಲೇ ಹೆಂಡ್ತಿಗೆ ಫೋನ್ ಮಾಡ್ಬಿಟ್ಟೆ. ನಾಳೆಯಿಂದ ನನ್ನ ಎಬ್ಬಿಸಿದ್ರೆ ನೋಡು ಅಂದೆ."

"ನಿನ್ ಹೆಂಡ್ತಿ ಇನ್ಯಾರಿಗೂ ಹೇಳಿಲ್ಲ ತಾನೇ?"

"ನನ್ ಹೆಂಡ್ತೀನಾ?" ಕಾವಲುಗಾರನಿಗೆ ಆ ಪ್ರಶ್ನೆಯೇ ತಮಾಷೆಯಾಗಿ ಕಂಡಿತು.

ಇಲಿಯಣ್ಣ ಅಲ್ಲೇ ನಿಂತು ಮನೆಗೆ ಫೋನ್ ಮಾಡಿದ.

"ಗೊತ್ತಾಯ್ತು ಬಿಡೋ," ಎಂದಳು ಅಕ್ಕ. ದನಿ ಬಹಳ ಮೆತ್ತಗಿತ್ತು. "ಇನ್ನು ನಾನು ನಡೀಬೇಕಾಗಿಲ್ಲ ಅಲ್ವಾ?"

ಫೋನ್ ಇಟ್ಟವನೇ ಒಂದೇ ಉಸಿರಿಗೆ ಮೀಟಿಂಗ್ ಕೋಣೆಗೆ ನುಗ್ಗಿದ. ಬಾಗಿಲಲ್ಲಿ ಟೀಯವನಿಗೆ ಡಿಕ್ಕಿ ಹೊಡೆದು, ಒಗೆದ ಷರಟಿಗೆ ಅರ್ಧ ಟೀ ಸುರಿದುಕೊಂಡು, ಉಳಿದ ಅರ್ಧ ಮೇಡಂ ಅವರ ಕಾಗದಗಳಿಗೆ ಸಿಂಪಡಿಸಿ, ಜೋರಾಗಿ ಕೂಗಿಬಿಟ್ಟ:

"ಎಲ್ಲಾ ಓಡಿದ್ವು ಮೇಡಂ! ಬಲಗಡೆಯವೂ ಓಡಿದ್ವು! ದಿನಾ ಸಂಜೆ ಕೊಕ್ಕೆ ತೆಗೀತಿದ್ದೆ. ಹುಡುಗಿ ಅಳತೆ ಸರಿಯಾಗಿದೆ. ಸರಿಯಿಲ್ದೇ ಇರೋದು ನಾನು!"

ಟೀ ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಬೇರೆ ವಿಭಾಗದ ಪ್ರೊಫೆಸರರೊಬ್ಬರು ನಗಲು ಶುರುಮಾಡಿ, ಮೇಡಂ ಮುಖ ನೋಡಿ, ನಗೆಯನ್ನು ಕೆಮ್ಮಾಗಿ ಬದಲಾಯಿಸಿಕೊಂಡರು. ವಿದ್ಯಾರ್ಥಿನಿ ಅಳುವುದೋ ಅವನ ಕಾಲಿಗೆ ಬೀಳುವುದೋ ಇಲ್ಲಾ ಕತ್ತು ಹಿಸುಕುವುದೋ ತಿಳಿಯದೆ ಕೂತಿದ್ದಳು.

"ಯಾಕೆ?" ಎಂದರು ಮೇಡಂ.

"ಪಾಪ ಅನ್ನಿಸ್ತು ಮೇಡಂ."

ಮೇಡಂ ಕಿರುಚಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಪಾಪ ಅನ್ನಿಸ್ತು," ಎಂದು ತಮಗೇ ಹೇಳಿಕೊಂಡರು. "ಇಷ್ಟೂ ಇಲಿ ಸತ್ತಿದ್ದು ದಂಡವಾಯ್ತಲ್ಲಪ್ಪಾ. ಈಗ ಮತ್ತೆ ಅಷ್ಟೇ ಇಲಿ ಸಾಯ್ಬೇಕು. ಇದು ನಿಂಗೆ ಹೊಳೀಲಿಲ್ವಾ?"

ಅವನಿಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು.

"ಮನೆಗೆ ಹೋಗಿ," ಎಂದರು ಮೇಡಂ. "ಇನ್ಮೇಲೆ ಬರಬೇಡಿ."

ಬಸ್ಸಿನಲ್ಲಿ ಕೂತಾಗ ಇಲಿಯಣ್ಣನಿಗೆ ವಿಚಿತ್ರವಾದ ಸಮಾಧಾನವಾಗಿತ್ತು. ಕೆಲಸ ಹೋದರೆ ಹೋಗಲಿ, ಅಕ್ಕನ ನಡಿಗೆ ಉಳಿಯಿತಲ್ಲ. ಬೀದಿಗೆ ಬಂದಾಗ ಮೆಟ್ಟಿಲುಗಳ ಮೇಲೆ ಯುದ್ಧ ಗೆದ್ದವರಂತೆ ಕಾಲು ಚಾಚಿ ಕೂತಿದ್ದ ನೆರೆಯವರು, "ಥ್ಯಾಂಕ್ಸ್ ಇಲಿಯಣ್ಣ! ನಿಮ್ಮಿಂದ ಬದುಕಿಕೊಂಡ್ವಿ!" ಎಂದು ಕೂಗಿದರು. ಅವನು ಯಾರಿಗೂ ಉತ್ತರ ಕೊಡದೆ ಮನೆಯೊಳಗೆ ನುಗ್ಗಿದ. ಅಕ್ಕ ಮಂಚದ ಮೇಲಿದ್ದಳು. ಟೈಲರಮ್ಮ ಪಕ್ಕದಲ್ಲಿ ಕೂತಿದ್ದರು.

"ಸುಳ್ಳು ಅಕ್ಕಾ! ಪ್ರಯೋಗವೇ ತಪ್ಪು! ಓಡಬಾರದವನ್ನೂ ನಾನು ಓಡಿಸ್ಬಿಟ್ಟಿದ್ದೆ, ಅದಕ್ಕೇ ಎರಡೂ ಒಂದೇ ಬಂತು. ಇಲಿಗಳ ಮಾತು ಬಿಟ್ಹಾಕು. ನಿಂಗೆ ನಡಿ ಅಂದಿದ್ದು ಡಾಕ್ಟರು. ನೀನು ನಿಲ್ಲಿಸ್ಬೇಡ. ಇಷ್ಟು ದಿನ ನಡೆದದ್ದು ದಂಡ ಆಗಲ್ಲ!"

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೇಳ್ಬಿಡ್ಲಾ?" ಎಂದರು ಟೈಲರಮ್ಮ.

"ನಾನೇ ಹೇಳ್ತೀನಿ," ಎಂದಳು ಅಕ್ಕ. "ನಾನು ನಡೀತಿರಲಿಲ್ಲ ಕಣೋ."

"ಅಂದ್ರೆ?"

"ಮೂಲೆ ತಿರುಗಿದ್ರೆ ಇವಳ ಅಂಗಡಿ. ನೀನು ಬಸ್ ಹತ್ತೋ ತನಕ ಅಲ್ಲಿ ಕೂತ್ಕೊಂಡು ಗುಂಡಿ ಹೊಲಿಯೋದು, ಆಮೇಲೆ ವಾಪಸ್ ಬರೋದು."

"ಈ ಬೀದಿಯ ಅರ್ಧ ಷರಟಿಗೆ ಗುಂಡಿ ಹಾಕಿದ್ದು ನಿಮ್ಮಕ್ಕನೇ," ಎಂದರು ಟೈಲರಮ್ಮ, ಅದಾದರೂ ಸಮಾಧಾನವಾದೀತೆಂಬಂತೆ.

ಇಲಿಯಣ್ಣ ಟೀ ಕಲೆಯ ಷರಟಿನಲ್ಲಿ ಹಾಗೇ ನಿಂತಿದ್ದ. ಸಿಟ್ಟು ಬರಬೇಕಿತ್ತು, ಹುಡುಕಿದರೂ ಸಿಗಲಿಲ್ಲ. "ಯಾಕಕ್ಕಾ?" ಎಂದ. ಮೇಡಂ ಕೇಳಿದಂತೆಯೇ ಕೇಳಿಸಿತು.

"ನೀನು ಬಾಗಿಲಲ್ಲಿ ನಿಂತು ಅಷ್ಟು ಆಸೆಯಿಂದ ನೋಡ್ತಿದ್ದೆ. ಪಾಪ ಅನ್ನಿಸ್ತು."

"ನಾನು ಕೇಳಿದ್ದು, ನಡೀಲಿಲ್ಲ ಯಾಕೆ ಅಂತ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸುಮ್ಮನಿದ್ದಾಗ ಅವಳ ಉಸಿರು ಕೇಳುತ್ತಿತ್ತು. ಈ ಉಸಿರು ಯಾವಾಗಿನಿಂದ ಹೀಗೆ ಕೇಳುತ್ತಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಮನೆಯಲ್ಲಿದ್ದಷ್ಟು ಹೊತ್ತೂ ಅವನೇ ಮಾತಾಡುತ್ತಿದ್ದ.

"ಮೊದಲ್ನೇ ದಿನ ಹೊರಟಿದ್ದೆ ಕಣೋ, ನಿಜವಾಗ್ಲೂ. ಮೂಲೆ ಮುಟ್ಟೋಷ್ಟರಲ್ಲಿ ಉಸಿರು ಸಿಗಲಿಲ್ಲ. ಎದೆ ಒಳಗೆ ಯಾರೋ ಬಟ್ಟೆ ತುರುಕಿದ ಹಾಗೆ. ಮಾರನೇ ದಿನಾನೂ ಅಷ್ಟೇ. ನಿಂಗೆ ಹೇಳಿದ್ರೆ ಹೆದರ್ತೀಯ ಅಂತ ಹೇಳಲಿಲ್ಲ."

ಇಲಿಯಣ್ಣ ಮಂಚದ ತುದಿಗೆ ಕೂತ. ವಿದ್ಯಾರ್ಥಿನಿ ಕೊಯ್ದ ಪ್ರತಿ ಇಲಿಯಲ್ಲೂ ಮೊದಲು ನೋಡುತ್ತಿದ್ದದ್ದು ಶ್ವಾಸಕೋಶವನ್ನು. ದೀಪ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದದ್ದು ಅವನೇ. ಟೈಲರಮ್ಮ ಅವನ ಮುಖ ಕಂಡು, ಎದ್ದು ಮೆಲ್ಲಗೆ ಹೊರಗೆ ಹೋದರು.

"ಹರಡಿದ್ಯಾ ಅಂತಾನಾ ನೀನು ಯೋಚಿಸ್ತಿರೋದು?" ಎಂದಳು ಅಕ್ಕ.

"ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ," ಎಂದ ಅವನು.

"ನಾಳೆ ನಿಂಗೆ ಇಲಿಗಳಿಲ್ವೇನೋ?"

"ಇಲ್ಲ ಅಕ್ಕ," ಎಂದ ಇಲಿಯಣ್ಣ. "ನಾಳೆಯಿಂದ ಬಿಡುವಾಗಿದೀನಿ."